ಸಂಪಾದಕರ ಉತ್ತರ: ಎಲ್ಲರೂ ಬೈಕ್ ನೋಡುವಾಗ ಬೂಟು ನೋಡುವವರು

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ಸ್ಕಾಟ್ಲೆಂಡಿನ ಮೋಟಾರ್‌ಸೈಕಲ್ ಟ್ರಯಲ್ಸ್ ಬಗ್ಗೆ ಓದಿದೆ. ಫೋಟೋದಲ್ಲಿ ಹುಡುಗ ಬಂಡೆ ಮೇಲೆ ಬೈಕ್ ಹತ್ತಿಸುತ್ತಿದ್ದಾನೆ, ಸರಿ. ಎಡ ಮೂಲೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಬಗ್ಗಿ ನಿಂತಿರುವ ಹಿರಿಯರು ಯಾರು? ಎಲ್ಲರೂ ಬೈಕ್ ನೋಡುತ್ತಿದ್ದರೆ ಅವರೊಬ್ಬರೇ ಹುಡುಗನ ಬೂಟು ನೋಡುತ್ತಿದ್ದಾರೆ. ಫೋಟೋ ಕೆಳಗೆ 'ದಶಕಗಳ ಸೇವೆ' ಅಂತ ಹಾಕಿದ್ದೀರಿ. ಸೇವೆ ಅಂದರೆ ರಕ್ತದಾನ, ಶಾಲೆಗೆ ಬೆಂಚು ಕೊಡಿಸೋದು, ಕೆರೆ ಹೂಳು ತೆಗೆಸೋದು. ಉಳ್ಳವರ ಬೈಕ್ ಆಟಕ್ಕೆ ಮಳೆಯಲ್ಲಿ ನಿಲ್ಲೋದು ಯಾವ ಸೇವೆ ಸ್ವಾಮಿ? ಇನ್ನೊಂದು. ನಮ್ಮ ಬುಲೆಟ್ ಹುಟ್ಟಿದ್ದೇ ಈ ಆಟದಲ್ಲಿ ಅಂತ ಮೊಮ್ಮಗ ಹೇಳುತ್ತಾನೆ, ನಿಜವಾ? ಅವನ ಬುಲೆಟ್ಟಿಗೂ ಟಯರ್ ಗಾಳಿ ಇಳಿಸಿ ಓಡಿಸಬಹುದಾ ಅಂತಲೂ ಕೇಳಿ ಅಂದ."

– ಹಾಸನದಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು

ಮೇಷ್ಟ್ರೇ, ನಮಸ್ಕಾರ.

ಆ ಲೇಖನಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಬೈಕಿನ ಬೆಲೆ ಎಷ್ಟು ಅಂತ ಕೇಳಿದವು. ಮೂಲೆಯಲ್ಲಿ ನಿಂತವರನ್ನು ಕೇಳಿದವರು ನೀವೊಬ್ಬರೇ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಅವರು ಅಲ್ಲಿನ ಅಬ್ಸರ್ವರ್, ಅಂದರೆ ಸವಾರರನ್ನು ನೋಡಿ ಅಂಕ ಬರೆಯುವವರು. ಹೆಸರು ಹಾಕುವುದಿಲ್ಲ. ಫೋಟೋ ತೆಗೆದದ್ದು ಸವಾರನನ್ನು, ಅವರು ಸುಮ್ನೆ ಅದರೊಳಗೆ ಬಂದವರು. ಅಮೆರಿಕದ ಸ್ಪರ್ಧೆಗಳಲ್ಲಿ ಇದೇ ಕೆಲಸ ಮಾಡುವವರಿಗೆ ಚೆಕರ್ ಅನ್ನುತ್ತಾರೆ. ಎಲ್ಲಿ ಹೋದರೂ ಹೆಚ್ಚುಕಡಿಮೆ ಪದ್ಧತಿ ಒಂದೇ: ಸಂಬಳ ಇಲ್ಲ. ಮಧ್ಯಾಹ್ನಕ್ಕೆ ಬುತ್ತಿ ಸಿಗಬಹುದು, ಪೆಟ್ರೋಲಿಗೆ ಒಂದಿಷ್ಟು ಕೊಡಬಹುದು. ಬೆಳಿಗ್ಗೆ ಒಂದು ಬಂಡೆಯ ಪಕ್ಕ ಬಿಟ್ಟು ಹೋದರೆ ಕೊನೆಯ ಸವಾರ ದಾಟುವವರೆಗೆ ಅಲ್ಲೇ.

ಬೂಟು ಯಾಕೆ ನೋಡುತ್ತಾರೆ ಅಂದರೆ, ಈ ಆಟದ ಅಂಕವೆಲ್ಲ ಇರುವುದು ಕಾಲಿನಲ್ಲೇ. ಬಂಡೆ, ಹಳ್ಳ, ಮರದ ಬೇರು, ಜಾರುವ ದಿಬ್ಬ ಇರುವ ಒಂದು ತುಂಡು ಜಾಗಕ್ಕೆ ಗಡಿ ಹಾಕುತ್ತಾರೆ. ಬಲಕ್ಕೆ ಕೆಂಪು ಗುರುತು, ಎಡಕ್ಕೆ ನೀಲಿ. ಇದಕ್ಕೆ ಸೆಕ್ಷನ್ ಅನ್ನುತ್ತಾರೆ. ಅದರೊಳಗೆ ಹೋಗಿ ಕಾಲು ಕೆಳಗಿಡದೆ ಆಚೆ ಬಂದರೆ ಸೊನ್ನೆ. ಒಂದು ಸಲ ಇಟ್ಟರೆ 1, ಎರಡು ಸಲಕ್ಕೆ 2. ಮೂರು ಸಲ ಇಡಿ, ಹತ್ತು ಸಲ ಇಡಿ, 3. ಬಿದ್ದರೆ ಅಥವಾ ಗಡಿ ದಾಟಿದರೆ 5. ಎಲ್ಲ ಕೂಡಿಸಿ ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದರು. ಸೆಕ್ಷನ್ನಿನೊಳಗೆ ಜೋರಾಗಿ ಹೋದವನಿಗೆ ಏನೂ ಲಾಭ ಇಲ್ಲ, ಎಷ್ಟೋ ಕಡೆ ಬೈಕು ನಡೆಯುವವರ ವೇಗದಲ್ಲೇ ಹೋಗುತ್ತಿರುತ್ತದೆ.

ಈಗ ಯೋಚನೆ ಮಾಡಿ. ಓಟದ ಸ್ಪರ್ಧೆಗೆ ಗಡಿಯಾರ ಇದೆ. ಕ್ರಿಕೆಟ್ಟಿನಲ್ಲಿ ಅಂಪೈರ್ ತಪ್ಪಿದರೆ ಕ್ಯಾಮೆರಾ ಇದೆ. ಇಲ್ಲಿ ಊರಿನಿಂದ ಮೈಲಿಗಟ್ಟಲೆ ದೂರದ ಗುಡ್ಡದ ಮೇಲೆ ಒಬ್ಬ ಮನುಷ್ಯ, ಒಂದು ಪೆನ್ಸಿಲ್, ಒಂದು ಚೀಟಿ. ಆ ಮನುಷ್ಯ ಅಲ್ಲಿ ಇಲ್ಲದಿದ್ದರೆ ಬೈಕು ಬಂಡೆ ಹತ್ತಿದ್ದು ಸುಮ್ನೆ ಹತ್ತಿದ ಹಾಗೆ, ಸ್ಪರ್ಧೆಯೇ ಇಲ್ಲ. ನೀವು ಉದ್ದಜಿಗಿತದ ಗುಂಡಿ ಪಕ್ಕ ಕೂತು ಹಲಗೆ ಕಾದವರು. ಹುಡುಗ ಎಷ್ಟು ದೂರ ಹಾರಿದ ಅಂತ ಮೈದಾನವೆಲ್ಲ ನೋಡುವಾಗ ನಿಮ್ಮ ಕಣ್ಣು ಶೂ ತುದಿ ಮೇಲೆ ಇರುತ್ತಿತ್ತು, ಅಲ್ವಾ? ಇವರದೂ ಅದೇ ಕೆಲಸ. ನಿಮಗೆ ಹಲಗೆ ಒಂದೇ ಜಾಗದಲ್ಲಿತ್ತು, ಇವರಿಗೆ ಸೆಕ್ಷನ್ ಉದ್ದಕ್ಕೂ ಹಲಗೆ.

ಒಬ್ಬ ಸವಾರ ಬರುವುದನ್ನು ಹತ್ತಿರದಿಂದಲೇ ನೋಡೋಣ. ಸೆಕ್ಷನ್ ಶುರುವಾಗುವ ಗುರುತಿನ ಹತ್ತಿರ ಬಂದು ನಿಲ್ಲುತ್ತಾನೆ. ಮೊದಲೇ ಇಳಿದು ನಡೆದು, ಯಾವ ಕಲ್ಲು ಅಲುಗುತ್ತದೆ, ಯಾವುದು ಗಟ್ಟಿ ಅಂತ ನೋಡಿಕೊಂಡಿರುತ್ತಾನೆ. ಅಬ್ಸರ್ವರ್ ಕಡೆ ನೋಡುತ್ತಾನೆ, ಅವರು ಬಾ ಅಂತ ತಲೆ ಆಡಿಸುತ್ತಾರೆ. ಮುಂದಿನ ಚಕ್ರದ ಆಕ್ಸಲ್ ಗುರುತು ದಾಟಿತು ಅಂದರೆ ಲೆಕ್ಕ ಶುರು. ಈ ಗಾಡಿಗಳಿಗೆ ಸೀಟು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸವಾರ ಫುಟ್‌ರೆಸ್ಟ್ ಮೇಲೆ ನಿಂತೇ ಬರುತ್ತಾನೆ, ಒಂದು ಬೆರಳು ಕ್ಲಚ್ ಮೇಲೆ, ಒಂದು ಬೆರಳು ಬ್ರೇಕ್ ಮೇಲೆ. ಮುಂದಿನ ಚಕ್ರ ಬಂಡೆ ಹತ್ತುತ್ತದೆ. ಹಿಂದಿನದು ಪಾಚಿ ಮೇಲೆ ಒಂದು ಗೇಣು ಪಕ್ಕಕ್ಕೆ ಜಾರುತ್ತದೆ. ಗಾಡಿ ಎಡಕ್ಕೆ ವಾಲುತ್ತದೆ, ಎಡಗಾಲು ಆಚೆ ಚಾಚುತ್ತದೆ. ಬೂಟು ಬಂಡೆಗೆ ತಾಗಿದ ಹಾಗಾಯಿತು. ಫುಟ್‌ರೆಸ್ಟ್ ಮೇಲಿದ್ದ ಬೂಟು ಹಾದು ಹೋಗುವಾಗ ಸವರಿದ್ದಾ, ಕಾಲು ಆಸರೆ ತಗೊಂಡಿದ್ದಾ? ಇಟ್ಟ ಕಾಲನ್ನು ಹಾಗೇ ಎಳೆದುಕೊಂಡು ಹೋದನಲ್ಲ, ಅದು ಒಂದಾ, ಎರಡಾ? ಮತ್ತೆ ಆ ಅರೆಕ್ಷಣ ಗಾಡಿ ಪೂರ್ತಿ ನಿಂತುಬಿಟ್ಟಿತಾ? ನಿಲ್ಲಬಾರದು ಅನ್ನುವ ನಿಯಮದಲ್ಲಿ ನಡೆಯುವ ಸ್ಪರ್ಧೆಯಾದರೆ ನಿಂತದ್ದಕ್ಕೇ 5.

ಇಷ್ಟನ್ನೂ ಯೋಚಿಸುವುದಕ್ಕೆ ಸಿಗುವ ಸಮಯ ಸವಾರ ಕೊನೆಯ ಗುರುತು ದಾಟಿ ಹಿಂತಿರುಗಿ ನೋಡುವವರೆಗೆ ಮಾತ್ರ. ಅಬ್ಸರ್ವರ್ ಕೈ ಎತ್ತುತ್ತಾರೆ. ಮುಷ್ಟಿ ಕಟ್ಟಿದ್ದರೆ ಸೊನ್ನೆ, ಒಂದು ಬೆರಳಾದರೆ ಒಂದು, ಐದು ಬೆರಳೂ ಬಿಚ್ಚಿದರೆ ಕತೆ ಮುಗಿಯಿತು. ಸವಾರ ಮುಖ ಗಂಟು ಹಾಕಿಕೊಂಡರೂ ಅದೇ ಲೆಕ್ಕ. ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ತೂರಿಸುವಷ್ಟರಲ್ಲಿ ಮುಂದಿನವನು ಬಂದು ನಿಂತಿರುತ್ತಾನೆ. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಅದಕ್ಕೇ ಪೆನ್ಸಿಲ್. ಕ್ಲಬ್ ಮಟ್ಟದ ಎಷ್ಟೋ ಸ್ಪರ್ಧೆಗಳಲ್ಲಿ ಸವಾರನ ಬಳಿಯೇ ಒಂದು ಕಾರ್ಡು ಇರುತ್ತದೆ, ಅಬ್ಸರ್ವರ್ ಅದಕ್ಕೆ ಪಂಚ್ ಹೊಡೆದು ಕೊಡುತ್ತಾರೆ.

ನಾವು ಬರೆದ ಸ್ಪರ್ಧೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್. ಮೇ ತಿಂಗಳ ಮೊದಲ ಭಾಗದಲ್ಲಿ, ಫೋರ್ಟ್ ವಿಲಿಯಂ ಊರಿನ ಸುತ್ತಮುತ್ತ, ಬೆನ್ ನೆವಿಸ್ ಬೆಟ್ಟದ ಆಸುಪಾಸಿನಲ್ಲಿ ನಡೆಯುತ್ತದೆ. 1909ರಿಂದ ಇದರ ಇತಿಹಾಸ ಶುರು. ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತಿತ್ತು. ನಡೆಸುವುದು ಎಡಿನ್‌ಬರೋದ ಒಂದು ಮೋಟಾರ್ ಕ್ಲಬ್ಬು, ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ದಿನಕ್ಕೆ 30 ಸೆಕ್ಷನ್, ಆರು ದಿನ, ಸುಮಾರು 270 ಸವಾರರು. ಗುಣಿಸಿ ನೋಡಿ. ಒಂದು ವಾರದಲ್ಲಿ ಹತ್ತಿರ ಹತ್ತಿರ 49 ಸಾವಿರ ಸಲ ಯಾರೋ ಒಬ್ಬರು ಒಬ್ಬ ಸವಾರನ ಬೂಟು ನೋಡಿ ಕೈ ಎತ್ತಬೇಕು. ಒಂದು ಸೆಕ್ಷನ್ನಿನಲ್ಲಿ ನಿಂತವರ ಪಾಲಿಗೆ ದಿನಕ್ಕೆ 270 ಸವಾರಿ. ಮೊದಲನೆಯವನನ್ನು ನೋಡಿದಷ್ಟೇ ಗಮನದಿಂದ ಕೊನೆಯವನನ್ನೂ ನೋಡಬೇಕು. ಕೊನೆಯವನು ಯಾವುದೋ ಹಳ್ಳಿಯ ಮೆಕ್ಯಾನಿಕ್ ಇರಬಹುದು, ಗೆಲ್ಲುವ ಆಸೆಯೇ ಇಲ್ಲದೆ ಆರು ದಿನ ಮುಗಿಸಿದರೆ ಸಾಕು ಅಂತ ಬಂದವನು. ಅವನಿಗೂ ಆ ಒಂದು ಅಂಕ ಮುಖ್ಯ.

ಸಮ ಅಂಕ ಬಂದಾಗ ಇದರ ಬಿಸಿ ಗೊತ್ತಾಗುತ್ತದೆ. ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಒಂದು ರೂಢಿ ಇದೆ: ಶುರುವಿನಿಂದ ಯಾರು ಹೆಚ್ಚು ದೂರ ಕಾಲಿಡದೆ ಬಂದರೋ ಅವರು ಮೇಲೆ. ಅಂದರೆ ಮೊದಲ ದಿನ ಬೆಳಿಗ್ಗೆ ಒಬ್ಬರು ಬರೆದ '1' ಕೊನೆಯ ದಿನ ಸಂಜೆ ಪಂದ್ಯವನ್ನೇ ತಿರುಗಿಸಬಹುದು.

ಇಷ್ಟಾದರೂ ಅಬ್ಸರ್ವರ್ ಕೆಲಸವನ್ನು ಒಂದು ದಿನದಲ್ಲಿ ಕಲಿಯಬಹುದು. ದಶಕಗಟ್ಟಲೆ ಇದ್ದವರ ಬೆಲೆ ಗೊತ್ತಾಗುವುದು ಬೇರೆ ಕಡೆ. ಫೋಟೋದ ಕೆಳಗೆ ಹಾಗೆ ಬರೆಯುವಾಗ ನಮ್ಮ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಸೆಕ್ಷನ್ ಹಾಕುವುದನ್ನೇ ತಗೊಳ್ಳಿ. ಬಂಡೆ ತೋರಿಸಿ ಇಲ್ಲಿ ಹತ್ತಿ ಅಂದರೆ ಆಗಲಿಲ್ಲ. ಗೆಲ್ಲುವವನಿಗೂ ಒಂದೆರಡು ಅಂಕವಾದರೂ ಬೀಳುವಷ್ಟು ಕಷ್ಟ ಇರಬೇಕು, ಹೊಸಬ ಬಿದ್ದರೆ ಮೂಳೆ ಮುರಿಯಬಾರದು. ಸುಲಭ ಆದರೆ ಎಲ್ಲರಿಗೂ ಸೊನ್ನೆ, ಕಷ್ಟ ಆದರೆ ಎಲ್ಲರಿಗೂ ಐದು, ಎರಡೂ ವ್ಯರ್ಥ. ರಾತ್ರಿ ಮಳೆ ಬಂದರೆ ಲೆಕ್ಕವೇ ಬದಲು. ಕಲ್ಲುಗಳೇ ಇರುವ ತೊರೆಯಾದರೆ ನೂರು ಬೈಕು ಹೋದ ಮೇಲೆ ಪಾಚಿ ಸವೆದು ಚಕ್ರಕ್ಕೆ ಹಿಡಿತ ಸಿಗುತ್ತದೆ. ಮಣ್ಣಿನ ದಂಡೆಯಾದರೆ ನೂರು ಬೈಕಿಗೆ ಅದು ಕೆಸರುಗುಂಡಿ. ಹಾಗಾದರೆ ಮೊದಲು ಹೋದವನಿಗೆ ಅನುಕೂಲವಾ, ಕೊನೆಗೆ ಹೋದವನಿಗಾ? ಶನಿವಾರ ಸಂಜೆ ಒಣ ದಂಡೆ ನೋಡಿಯೇ ಭಾನುವಾರ ಮಧ್ಯಾಹ್ನ ಅದು ಹೇಗಿರುತ್ತದೆ ಅಂತ ಹೇಳುವವರು ಇರುತ್ತಾರೆ. ಅದಕ್ಕೆ ಪುಸ್ತಕ ಇಲ್ಲ. ಅದೇ ದಂಡೆಯ ಪಕ್ಕ ವರ್ಷಗಟ್ಟಲೆ ನಿಂತಿರಬೇಕು, ಅಷ್ಟೇ.

ಅದಕ್ಕಿಂತಲೂ ದೊಡ್ಡದು ಜಾಗ. ಟ್ರಯಲ್ಸ್‌ಗೆ ಸ್ವಂತ ಮೈದಾನ ಇರುವುದು ಅಪರೂಪ. ಗುಡ್ಡ ಯಾರದ್ದೋ, ಹಳ್ಳ ಯಾರದ್ದೋ. ಸ್ಕಾಟ್ಲೆಂಡ್, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಅದು ಕುರಿ ಸಾಕುವ ರೈತನದ್ದಿರಬಹುದು, ಜಿಂಕೆ ಬೇಟೆಗೆ ಇಟ್ಟುಕೊಂಡ ಎಸ್ಟೇಟ್ ಇರಬಹುದು. ಮರಿ ಹಾಕುವ ಕಾಲದಲ್ಲಿ ಕುರಿ ಬೆದರಬಾರದು. ಹಾದುಹೋದ ಗೇಟು ಮುಚ್ಚಬೇಕು. ಕಲ್ಲಿನ ಗೋಡೆಯ ಒಂದು ಕಲ್ಲು ಬಿದ್ದರೂ ಎತ್ತಿ ಇಡಬೇಕು. ಒಂದು ಸಲ ರೈತ ಮುನಿಸಿಕೊಂಡರೆ ಮುಂದಿನ ವರ್ಷ ಆ ಹಳ್ಳ ಇಲ್ಲ. ಕ್ಲಬ್ಬಿನ ಹಿರಿಯರೊಬ್ಬರು ವರ್ಷವಿಡೀ ಆ ಮನೆಗಳಿಗೆ ಹೋಗಿ ಬಂದು ಮಾಡುತ್ತಾರೆ, ಚಹಾ ಕುಡಿಯುತ್ತಾರೆ, ಕುರಿ ರೇಟು ಮಾತಾಡುತ್ತಾರೆ. ಬೈಕಿನ ವಿಷಯ ಕೊನೆಗೆ ಬಾಗಿಲಲ್ಲಿ ನಿಂತು ಹೇಳೋದು. 2001ರಲ್ಲಿ ಬ್ರಿಟನ್ನಿನಲ್ಲಿ ದನಕರುಗಳಿಗೆ ಕಾಲುಬಾಯಿ ಜ್ವರ ಹರಡಿದಾಗ ಆ ವರ್ಷದ ಸಿಕ್ಸ್ ಡೇಸ್ ನಡೆಯಲೇ ಇಲ್ಲ. ರೈತನ ಕೊಟ್ಟಿಗೆಗೂ ಈ ಆಟಕ್ಕೂ ನಂಟು ಅಷ್ಟು ಹತ್ತಿರ.

ನಮ್ಮ ಚಿಕ್ಕಮಗಳೂರು ಕಡೆ ಕಾಫಿ ತೋಟದ ದಾರಿಯಲ್ಲಿ ಕಾರ್ ರ‍್ಯಾಲಿ ನಡೆಸುವವರಿಗೂ ಇದು ಗೊತ್ತು. ತೋಟದ ಮಾಲೀಕರು ಹೂಂ ಅನ್ನದೆ, ತಿರುವು ತಿರುವಿನಲ್ಲೂ ಮಾರ್ಷಲ್‌ಗಳು ನಿಲ್ಲದೆ ರ‍್ಯಾಲಿ ಇಲ್ಲ. ನಮ್ಮಲ್ಲಿ ರ‍್ಯಾಲಿ, ಮೋಟೋಕ್ರಾಸ್ ಬೆಳೆದ ಹಾಗೆ ಟ್ರಯಲ್ಸ್ ಬೆಳೆಯಲಿಲ್ಲ. ಮಲೆನಾಡಿನಲ್ಲಿ ಇಷ್ಟು ಬಂಡೆ, ಇಷ್ಟು ಹಳ್ಳ ಇಟ್ಟುಕೊಂಡು ಯಾಕೋ ನಾವು ಈ ಕಡೆ ಬರಲೇ ಇಲ್ಲ.

ಸ್ಪರ್ಧೆ ಮುಗಿದ ಮೇಲಿನ ಕೆಲಸ ಫೋಟೋದಲ್ಲಿ ಬರುವುದೇ ಇಲ್ಲ. ಕೊನೆಯ ಸವಾರನ ಹಿಂದೆ ಇಬ್ಬರು ಮೂವರು ಹೋಗುತ್ತಾರೆ. ಯಾರಾದರೂ ಜೌಗಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರಾ, ಗಾಡಿ ಕೆಟ್ಟು ಕೂತಿದ್ದಾರಾ ನೋಡುತ್ತಾರೆ. ದಾರಿಗೆ ನೆಟ್ಟ ಬಾವುಟ, ಕಟ್ಟಿದ ಟೇಪು ಎಲ್ಲ ಬಿಚ್ಚಿ ಚೀಲಕ್ಕೆ ತುಂಬುತ್ತಾರೆ. ಗೆದ್ದವನು ಕಪ್ಪು ಹಿಡಿದು ನಿಂತ ಹೊತ್ತಿಗೆ ಇವರು ಇನ್ನೂ ಗುಡ್ಡದ ಮೇಲೆ.

ಉಳ್ಳವರ ಆಟ ಅಂದಿರಿ. ಮೇಲಿನ ಮಟ್ಟದಲ್ಲಿ ಹೌದು. ಸ್ಪೇನಿನ ಟೋನಿ ಬೌ 2007ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಗೆದ್ದು, ಆಮೇಲೆ ಒಂದೂವರೆ ದಶಕಕ್ಕೂ ಜಾಸ್ತಿ ಕಾಲ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವರ ಬೆನ್ನ ಹಿಂದೆ ಹೋಂಡಾದಂಥ ಕಂಪನಿ ಇದೆ. ಆದರೆ ಆಟದ ಬೇರು ಅಲ್ಲಿಲ್ಲ. ಯಾರ್ಕ್‌ಶೈರಿನ ಸ್ಕಾಟ್ ಟ್ರಯಲ್ ಶುರುವಾದದ್ದು 1914ರಲ್ಲಿ. ಆಲ್ಫ್ರೆಡ್ ಸ್ಕಾಟ್ ಅನ್ನುವ ಬೈಕ್ ತಯಾರಕರು ತಮ್ಮ ಕಾರ್ಖಾನೆಯ ಕೆಲಸಗಾರರಿಗೇ ಸವಾಲು ಹಾಕಿದರು: ಕಾರ್ಖಾನೆಯಿಂದ ಹೊರಟು ಗುಡ್ಡ, ಕಾಡುದಾರಿ ದಾಟಿ ಬನ್ನಿ ಅಂತ. ಹೊರಟವರು 14, ಮುಟ್ಟಿದವರು 9. ಮೋಟಾರ್ ಕ್ರೀಡೆಗಳ ಪೈಕಿ ಕಡಿಮೆ ದುಡ್ಡಿನಲ್ಲಿ ಆಗುವುದರಲ್ಲಿ ಕ್ಲಬ್ ಟ್ರಯಲ್ಸ್ ಒಂದು. ಹಳೇ ಗಾಡಿ, ಒಂದು ಟ್ರೇಲರ್, ಭಾನುವಾರ ರಜೆ ಇದ್ದರೆ ಆಯಿತು. ಅಷ್ಟು ಅಗ್ಗವಾಗಿ ನಡೆಯುತ್ತಿರುವುದೇ ಯಾರೂ ಕೂಲಿ ಕೇಳದೆ ನಿಲ್ಲುತ್ತಾರೆ ಅನ್ನುವ ಕಾರಣಕ್ಕೆ. ಪ್ರತಿ ಸೆಕ್ಷನ್ನಿಗೂ ಸಂಬಳದವರನ್ನು ಹಾಕಿ ನೋಡಿ, ಮಾರನೇ ವರ್ಷ ಅದು ನಿಜವಾಗಿಯೂ ಉಳ್ಳವರ ಆಟ.

ರಕ್ತದಾನಕ್ಕೂ ಇದಕ್ಕೂ ಒಂದೇ ತೂಕ ಅಂತ ನಾವು ಹೇಳುವುದಿಲ್ಲ. ಆದರೆ ಮೇಷ್ಟ್ರೇ, ನೀವೂ ಎಷ್ಟೋ ಭಾನುವಾರ ಬಿಸಿಲಲ್ಲಿ ಸೀಟಿ ಹಿಡಿದು ನಿಂತಿದ್ದೀರಿ. ಅದಕ್ಕೆಲ್ಲ ಭತ್ಯೆ ಬಂದಿತ್ತಾ? ಆ ಹುಡುಗರು ಓಡಿದ್ದು ನೀವು ನಿಂತಿದ್ದಕ್ಕೆ ತಾನೇ?

ಇನ್ನೊಂದು ಮಾತು. ಎಷ್ಟೋ ಕಡೆ ಅಬ್ಸರ್ವರ್‌ಗಳು ಸಿಗುವುದೇ ಕಷ್ಟವಾಗಿದೆ. ಹಳಬರಿಗೆ ಮಂಡಿ ನೋವು, ಹೊಸಬರು ಸವಾರಿಗೆ ಬರುತ್ತಾರೆ, ನಿಲ್ಲೋಕೆ ಬರುವುದಿಲ್ಲ. ಕೆಲವು ಕ್ಲಬ್ಬುಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ. ಕ್ಲಬ್ ಚಾಂಪಿಯನ್‌ಶಿಪ್ಪಿನ ಅಂಕ ಬೇಕಾದರೆ ವರ್ಷಕ್ಕೆ ಒಂದು ಭಾನುವಾರವಾದರೂ ಬೈಕು ಮನೆಯಲ್ಲಿ ಬಿಟ್ಟು ಬಂದು ಸೆಕ್ಷನ್ ಕಾಯಬೇಕು. ನಮಗೆ ಈ ನಿಯಮ ತುಂಬಾ ಹಿಡಿಸಿತು. ಒಂದು ದಿನ ಮಳೆಯಲ್ಲಿ ನಿಂತವನು ಮುಂದಿನ ವಾರ ಅಬ್ಸರ್ವರ್ ಜತೆ ಜಗಳಕ್ಕೆ ಬರುವುದು ಕಡಿಮೆ. ಇನ್ನು ಕೆಲವು ಕಡೆ ಸವಾರರೇ ಗುಂಪು ಮಾಡಿಕೊಂಡು ಒಬ್ಬರ ಲೆಕ್ಕ ಇನ್ನೊಬ್ಬರು ಬರೆಯುತ್ತಾರೆ. ಅದು ಅಭ್ಯಾಸಕ್ಕೆ ಸರಿ. ಕಪ್ಪಿಗೆ ಆಡುವಾಗ ಗೆಳೆಯನ ಬೂಟು ನೋಡುವ ಕಣ್ಣು ಸ್ವಲ್ಪ ಮಂಜಾಗುತ್ತದೆ, ಹೌದೋ ಅಲ್ಲವೋ?

ಈಗ ಮೊಮ್ಮಗನ ಪ್ರಶ್ನೆ. ಬುಲೆಟ್ ಅನ್ನುವ ಹೆಸರು ಹಳೆಯದು, 1930ರ ದಶಕದ್ದು. ನಾವು ನೀವು ಬುಲೆಟ್ ಅಂತ ಗುರುತು ಹಿಡಿಯುವ ಗಾಡಿ ಮಾತ್ರ ಟ್ರಯಲ್ಸ್ ಮೈದಾನದಲ್ಲೇ ಮೊದಲು ಕಂಡಿದ್ದು. ಅಷ್ಟರ ಮಟ್ಟಿಗೆ ಹುಡುಗ ಹೇಳಿದ್ದು ಸರಿ. 1948ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್‌ನಲ್ಲಿ ರಾಯಲ್ ಎನ್‌ಫೀಲ್ಡ್ ಹೊಸ 350 ಸಿಸಿ ಗಾಡಿಗಳನ್ನು ಇಳಿಸಿತು. ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಸಸ್ಪೆನ್ಷನ್ ಇತ್ತು, ಅಂದರೆ ಉಬ್ಬುತಗ್ಗಿಗೆ ತಕ್ಕಂತೆ ಚಕ್ರ ಮೇಲೆ ಕೆಳಗೆ ಆಡುವ ಏರ್ಪಾಡು. ಆ ಕಾಲದಲ್ಲಿ ಟ್ರಯಲ್ಸ್ ಸವಾರರು ಇದನ್ನು ನಂಬುತ್ತಿರಲಿಲ್ಲ, ಹಿಂಭಾಗ ಗಡುಸಾಗಿದ್ದರೇ ನೆಲ ಹಿಡಿಯುತ್ತದೆ ಅನ್ನುವುದು ಅವರ ಲೆಕ್ಕ. ಅದೇ ವರ್ಷ ಇಟಲಿಯ ಸ್ಯಾನ್ ರೆಮೋದಲ್ಲಿ ನಡೆದ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್‌ನಲ್ಲಿ (ಇದು ಸ್ಕಾಟ್ಲೆಂಡಿನದಲ್ಲ, ಬೇರೆ ಸ್ಪರ್ಧೆ) ಬ್ರಿಟನ್ ತಂಡ ಟ್ರೋಫಿ ಗೆದ್ದಾಗ ತಂಡದ ಇಬ್ಬರು ಬುಲೆಟ್ ಮೇಲಿದ್ದರು, ಇಬ್ಬರಿಗೂ ಚಿನ್ನದ ಪದಕ. ಆಮೇಲೆ ಜಾನಿ ಬ್ರಿಟನ್ ಅನ್ನುವ ಸವಾರ, ಎಚ್‌ಎನ್‌ಪಿ 331 ಅನ್ನುವ ನಂಬರಿನ 350 ಬುಲೆಟ್‌ನಲ್ಲಿ, 1952ರಲ್ಲಿ ಇದೇ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. 1957ರಲ್ಲಿ ಇನ್ನೊಮ್ಮೆ ಗೆದ್ದರು. ನಡುವೆ, 1955ರಲ್ಲಿ, ಬುಲೆಟ್ ಜೋಡಿಸುವ ಕಂಪನಿ ಮದ್ರಾಸಿನಲ್ಲಿ ಶುರುವಾಯಿತು. ಹಿಂದಿನ ಸಸ್ಪೆನ್ಷನ್ನೇ ಮೇಲು ಅಂತ ಕೊನೆಗೆ ಎಲ್ಲರೂ ಒಪ್ಪಿದ್ದು ಯಾವ ಪ್ರಯೋಗಶಾಲೆಯ ವರದಿ ನೋಡಿಯೂ ಅಲ್ಲ, ಸೊನ್ನೆ, ಒಂದು, ಐದು ಅಂತ ಬರೆದ ಚೀಟಿಗಳ ಮೊತ್ತ ನೋಡಿ. ಜಾನಿ ಬ್ರಿಟನ್ ಹೆಸರು ದಾಖಲೆಯಲ್ಲಿದೆ. ಆ ವಾರ ಗುಡ್ಡದ ಮೇಲೆ ನಿಂತು ಅವರ ಬೂಟು ನೋಡಿ ಬರೆದವರು ಯಾರು ಅಂತ ಯಾರೂ ಅಚ್ಚು ಹಾಕಲಿಲ್ಲ.

2019ರಲ್ಲಿ ಕಂಪನಿ ಆ ನೆನಪಿಗೆ ಬುಲೆಟ್ ಟ್ರಯಲ್ಸ್ ಅಂತ ಒಂದು ಮಾದರಿ ನಮ್ಮಲ್ಲೂ ಬಿಟ್ಟಿತ್ತು. ಮೇಲಕ್ಕೆತ್ತಿದ ಸೈಲೆನ್ಸರ್, ಒಂಟಿ ಸೀಟು, 350ಕ್ಕೆ ಕೆಂಪು ಚಾಸಿ, 500ಕ್ಕೆ ಹಸಿರು. ನೋಡೋಕೆ ಚೆನ್ನಾಗಿತ್ತು. ಬಂಡೆ ಹತ್ತಿಸುವ ಗಾಡಿ ಅದಲ್ಲ. ಈಗಿನ ಟ್ರಯಲ್ಸ್ ಬೈಕಿನ ತೂಕ 70 ಕೆ.ಜಿ. ಆಸುಪಾಸು, ಬುಲೆಟ್ಟಿನದು ಅದರ ಎರಡೂವರೆ ಪಟ್ಟಿಗೂ ಜಾಸ್ತಿ.

ಗಾಳಿ ವಿಷಯ. ಟ್ರಯಲ್ಸ್ ಬೈಕಿನ ಹಿಂದಿನ ಟಯರಿಗೆ ನಾಲ್ಕೈದು ಪಿಎಸ್‌ಐ ಇದ್ದರೆ ಜಾಸ್ತಿ. ಟಯರು ಕಲ್ಲಿನ ಮೇಲೆ ಚಪ್ಪಟೆಯಾಗಿ ಹಿಡಿಯಲಿ ಅಂತ. ಅದಕ್ಕೆಂದೇ ಮಾಡಿದ ಮೆತ್ತನೆಯ ಟಯರು ಅದು, ಮೇಲಿನ ಭಾರವೂ ಕಡಿಮೆ. ಮೊಮ್ಮಗನ ಬುಲೆಟ್ಟಿನ ಹಿಂದಿನ ಟಯರಿಗೆ ಮೂವತ್ತರ ಆಸುಪಾಸು ಬೇಕು. ಟ್ಯೂಬ್ ಇರುವ ಟಯರಿನಲ್ಲಿ ಗಾಳಿ ಅಷ್ಟು ಇಳಿಸಿದರೆ ಟಯರು ರಿಮ್ ಮೇಲೆ ಜರುಗಿ ವಾಲ್ ಬಾಯಿ ಕಿತ್ತು ಬರುತ್ತದೆ, ಮೊದಲ ರಸ್ತೆಯುಬ್ಬಿಗೇ ರಿಮ್ ಪೆಟ್ಟು ತಿನ್ನುತ್ತದೆ. ಆದ್ದರಿಂದ ಇಳಿಸೋದು ಬೇಡ ಅಂತ ಖಡಾಖಂಡಿತವಾಗಿ ಹೇಳಿ.

ಅವನಿಗೆ ಅಷ್ಟು ಆಸೆ ಇದ್ದರೆ ಒಂದು ಖಾಲಿ ಮೈದಾನದಲ್ಲಿ ನಾಲ್ಕಾರು ಕಲ್ಲಿಟ್ಟು ಇಕ್ಕಟ್ಟಾದ ಎಂಟರ ಆಕಾರದ ದಾರಿ ಮಾಡಿ. ಹೆಲ್ಮೆಟ್ ಹಾಕಿಕೊಳ್ಳಲಿ. ಫಸ್ಟ್ ಗೇರಿನಲ್ಲಿ, ನಡೆಯುವ ವೇಗದಲ್ಲಿ, ಕಾಲು ಕೆಳಗಿಡದೆ ಹೋಗಿ ಬರಲಿ. ನೀವು ಪಕ್ಕದಲ್ಲಿ ನಿಂತು ಲೆಕ್ಕ ಹಿಡಿಯಿರಿ. ಮೊಮ್ಮಗ ಅಂತ ಬಿಡಬೇಡಿ.

– ಸಂಪಾದಕ